ಮೊದಲ ಭಾನುವಾರದ ರೊಟ್ಟಿ

ಹಿಂದೆ ಪರದೇಶದ ಚರ್ಚೊಂದರಲ್ಲಿ ಕರಿಯರನ್ನು ಮಹಡಿಯ ಮೇಲೆ ಬೇರೆಯಾಗಿ ಕೂರಿಸುತ್ತಿದ್ದರಂತೆ. ಬಿಳಿಯರೆಲ್ಲ ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿ ತಿಂದು ಬೆಂಚಿಗೆ ಮರಳಿದ ಮೇಲೆ ಅವರನ್ನು ಕೆಳಗೆ ಕರೆಯುತ್ತಿದ್ದರಂತೆ. ಬುಧವಾರ ಸಂಜೆಯ ಓದಿನ ಕೂಟದಲ್ಲಿ ಅದರ ಸಿನಿಮಾ ತೋರಿಸಿದಾಗ ತೀರ್ಥಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ದೀಪ ಹಾಕಿದ ಮೇಲೆ ಎದ್ದು ನಿಂತು, ಆ ಜನರಿಗೆ ಅನ್ಯಾಯ ಮಾಡಿದವರನ್ನು ಕ್ಷಮಿಸು ತಂದೆಯೇ ಎಂದು ಪ್ರಾರ್ಥನೆಯನ್ನೂ ಮಾಡಿದರು. ಕೂತಿದ್ದವರೆಲ್ಲ ಆಮೆನ್ ಅಂದರು.

ತರೀಕೆರೆಯ ರೈಲ್ವೆ ಗೇಟಿನ ಆಚೆಗಿರುವ ಆ ಸಣ್ಣ ಚರ್ಚಿಗೆ ಚಂದ್ರಶೇಖರ ಅಯ್ಯನವರು ಸಭಾಪಾಲಕರಾಗಿ ಬಂದು ಒಂದು ವರ್ಷವಾಗಿತ್ತು. ಸಭೆಯಲ್ಲಿ ಯಾರಿಗೆ ಜಾಗವಿದೆ, ಯಾರಿಗಿಲ್ಲ ಎಂಬುದನ್ನು ಆರು ಬುಧವಾರ ಓದಿ ಮಾತಾಡೋಣ ಎಂದು ಕೂಟ ಶುರು ಮಾಡಿದವರು ಅವರೇ. ಪರದೇಶದ ವಿಷಯ ಇರುವತನಕ ಕೂಟಕ್ಕೆ ಜನ ಚೆನ್ನಾಗಿ ಸೇರಿದರು.

ತೀರ್ಥಮ್ಮನಿಗೆ ಎಪ್ಪತ್ತನಾಲ್ಕು. ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ನಡೆಯುವ ಕರ್ತನ ಭೋಜನದ ರೊಟ್ಟಿ ನಲವತ್ತೊಂದು ವರ್ಷದಿಂದ ಅವರ ಕೈಯದ್ದೇ. ಹುಳಿಯಿಲ್ಲದ, ಉಪ್ಪಿಲ್ಲದ ಗೋಧಿ ಹಿಟ್ಟನ್ನು ದಪ್ಪಗೆ ಲಟ್ಟಿಸಿ, ಮುರಿಯಲು ಸುಲಭವಾಗಲೆಂದು ಚಾಕುವಿನಿಂದ ಗೆರೆ ಎಳೆದು, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸುತ್ತಿದ್ದರು. ಡಿಸೆಂಬರಿನಲ್ಲಿ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಪಟ್ಟಿ ಬಿಚ್ಚಿದ ಡಾಕ್ಟರು ಹಿಟ್ಟು ನಾದುವುದನ್ನು ಬಿಟ್ಟುಬಿಡಿ ಅಂದರು. ತೀರ್ಥಮ್ಮ ತಾವಾಗಿಯೇ ಅಯ್ಯನವರ ಮನೆಗೆ ಹೋಗಿ, ರೊಟ್ಟಿ ಕೆಲಸ ಇನ್ಯಾರಿಗಾದರೂ ಒಪ್ಪಿಸಿ ಎಂದು ಹೇಳಿ ಬಂದರು. ಇನ್ಯಾರಿಗಾದರೂ ಅಂದಾಗ ಅವರ ಮನಸ್ಸಿನಲ್ಲಿದ್ದದ್ದು ತಮ್ಮಂಥವರದೇ ಮೂರು ಮನೆ. ಅಯ್ಯನವರ ಮನಸ್ಸಿನಲ್ಲಿದ್ದದ್ದು ಸಭೆಯ ಉಳಿದ ಹದಿಮೂರು ಮನೆಯೂ.

ಮುಂದಿನ ಭಾನುವಾರ ಹದಿಮೂರು ಹೆಸರನ್ನು ಚೀಟಿಯಲ್ಲಿ ಬರೆದು ಕಾಣಿಕೆ ಚೀಲಕ್ಕೆ ಹಾಕಿ, ಇಷ್ಟು ವರ್ಷ ಮಾಡಿದವರೇ ಎತ್ತಲಿ ಎಂದು ತೀರ್ಥಮ್ಮನ ಮುಂದೆ ಹಿಡಿದರು. ಅವರು ಎಡಗೈಯಿಂದ ಒಂದನ್ನು ಎತ್ತಿದರು. ಕನ್ನಡಕ ತಂದಿರಲಿಲ್ಲ. ಓದಿದ್ದು ಅಯ್ಯನವರು: ದುರ್ಗಮ್ಮ.

ದುರ್ಗಮ್ಮ ಲಿಂಗದಹಳ್ಳಿ ಕಡೆಯ ಹಳ್ಳಿಯೊಂದರ ಊರಾಚೆಯ ಕೇರಿಯವರು. ಗಂಡ ಮಂಜಪ್ಪ ಗಾರೆ ಕೆಲಸದವರು. ಇಬ್ಬರೂ ಸಭೆಗೆ ಸೇರಿ ಆರು ವರ್ಷವಾಗಿತ್ತು. ಅವರ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆಂದು ದುರ್ಗಮ್ಮನನ್ನು ತೆಗೆದುಕೊಂಡಿದ್ದರು. ಮೊದಲ ವಾರವೇ ಒಂದಷ್ಟು ಜನ ಬಂದು ಗಲಾಟೆ ಮಾಡಿದ್ದರಿಂದ ಪಾತ್ರೆ ತೊಳೆಯಲು ಹಾಕಿದರು. ಹನ್ನೊಂದು ವರ್ಷ ಕಳೆದರೂ ಅವರನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ತಮ್ಮ ಹೆಸರು ಕೇಳಿದ ದುರ್ಗಮ್ಮ ಹಿಂದಿನ ಬೆಂಚಿನಲ್ಲಿ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು ಮತ್ತೆ ಕೂತರು. ಅವತ್ತು ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ವಿಷಯ ಹೇಳಿದ್ದರು.

ತೀರ್ಥಮ್ಮನ ಮನೆಯಲ್ಲಿ ಆ ಮಧ್ಯಾಹ್ನ ಕೋಳಿ ಸಾರು, ಮುದ್ದೆ. ಮಗ ಧನಪಾಲ್ ಬೋರ್‌ವೆಲ್ ಮೋಟರುಗಳ ವೈಂಡಿಂಗ್ ಅಂಗಡಿ ಇಟ್ಟವನು, ಸಭೆಯ ಕಾರ್ಯದರ್ಶಿಯೂ ಹೌದು. ಊಟಕ್ಕೆ ಕೂರುವ ಮುಂಚೆಯೇ ಅವನಿಗೆ ಮೂರು ಮನೆಯಿಂದ ಫೋನ್ ಬಂದಿತ್ತು. ಮೂವರೂ ಒಂದೇ ಮಾತಾಡಿದ್ದರು: ನಮಗೇನಿಲ್ಲಪ್ಪ, ಆದರೆ ಬೇರೆಯವರು ಏನಂತಾರೋ.

"ಅವಳಿಗೆ ಆ ಹದ ಗೊತ್ತಿಲ್ಲ" ಅಂದರು ತೀರ್ಥಮ್ಮ.

ಹೇಳಿಕೊಟ್ಟರೆ ಬರುತ್ತದೆ ಎಂದಳು ಸೊಸೆ ಅನುಪಮಾ. ಅವಳು ಕಡೂರು ಡಿಪೋದಲ್ಲಿ ಬಸ್ ಕಂಡಕ್ಟರ್. ಅವತ್ತು ಅವಳಿಗೆ ರಜೆ.

"ಹದ ಒಂದೇ ಅಲ್ಲ ಕಣೇ. ಶುಚಿ ಅಂತ ಒಂದಿರುತ್ತೆ. ಕರ್ತನ ಮೇಜಿಗೆ ಇಡೋದು."

"ಯಾವ ಶುಚಿ ಅಜ್ಜಿ?" ಕಡೂರಿನ ಕಾಲೇಜಿನಲ್ಲಿ ಡಿಗ್ರಿ ಓದುವ ಮೊಮ್ಮಗಳು ಭೂಮಿಕಾ ಕೇಳಿದಳು. "ಆ ಯಮ್ಮ ದಿನಾ ಇನ್ನೂರು ತಟ್ಟೆ ತೊಳೀತಾರೆ. ನಾವು ನಾಲ್ಕು ತೊಳೆಯೋಕೆ ಜಗಳ ಆಡ್ತೀವಿ."

"ನಿನ್ನ ಹತ್ರ ಮಾತಾಡೋಕಾಗಲ್ಲ."

"ಬುಧವಾರ ಸಿನಿಮಾ ನೋಡಿ ಅತ್ತಿದ್ದು ಯಾಕೆ ಮತ್ತೆ?"

"ಅದು ಬಣ್ಣ ನೋಡಿ ಮಾಡಿದ್ದು. ಇಲ್ಲಿ ಯಾರು ಬಣ್ಣ ನೋಡ್ತಾರೆ?" ಎಂದರು ತೀರ್ಥಮ್ಮ, ಗೆದ್ದವರ ಹಾಗೆ. ಗಂಡನ ಮುತ್ತಾತ ಗೌಡಿಕೆ ಬಿಟ್ಟು ಈ ದಾರಿಗೆ ಬಂದವರು ಎಂಬುದನ್ನು ಆ ಮನೆಯಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಗೌಡಿಕೆ ಬಿಟ್ಟವರು ಅದನ್ನು ಇಷ್ಟೊಂದು ನೆನಪಿಟ್ಟುಕೊಳ್ಳುವುದು ಯಾಕೆ ಎಂದು ಅನುಪಮಾ ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದಳು.

ಗುರುವಾರ ದುರ್ಗಮ್ಮ ರೊಟ್ಟಿ ಕಲಿಯಲು ಬಂದರು. ಎರಡು ಕೆಜಿ ಗೋಧಿ ಹಿಟ್ಟನ್ನೂ ತಂದಿದ್ದರು. ತೀರ್ಥಮ್ಮ ಅವರನ್ನು ಪಡಸಾಲೆಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಇಡೀ ವಿಧಾನವನ್ನು ಬಾಯಲ್ಲೇ ಹೇಳಿದರು. ನೀರು ಎಷ್ಟು, ನಾದುವುದು ಎಷ್ಟು ಹೊತ್ತು, ಗೆರೆ ಎಷ್ಟು ಆಳ, ಎಲ್ಲವನ್ನೂ ಕೈಸನ್ನೆಯಲ್ಲಿ ತೋರಿಸಿದರು. ಹತ್ತು ಹೆಜ್ಜೆ ದೂರದ ಅಡುಗೆಮನೆಗೆ ಕರೆಯಲಿಲ್ಲ. ದುರ್ಗಮ್ಮ ಎಲ್ಲವನ್ನೂ ಎರಡೆರಡು ಸಲ ಕೇಳಿ, ತಂದ ಹಿಟ್ಟನ್ನು ಹಾಗೆಯೇ ತೆಗೆದುಕೊಂಡು ಹೊರಟರು.

ಫೆಬ್ರವರಿಯ ಮೊದಲ ಭಾನುವಾರ ಅನುಪಮಾಳಿಗೆ ಬೆಳಗಿನ ಡ್ಯೂಟಿ. ನಾಲ್ಕೂವರೆಗೆ ಹೊರಡುವಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ತೀರ್ಥಮ್ಮ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಎಡಗೈಯಲ್ಲಿ ಹಿಟ್ಟು ನಾದುತ್ತಿದ್ದರು. ಪಕ್ಕದಲ್ಲಿ ಧನಪಾಲ್ ಲಟ್ಟಣಿಗೆ ಹಿಡಿದು ನಿಂತಿದ್ದ. ಇದೇನು ಎಂದು ಕೇಳಿದ್ದಕ್ಕೆ ಅವನು, ಸಭೆ ದೊಡ್ಡದಾಗಿದೆ, ಒಂದು ರೊಟ್ಟಿ ಸಾಲದು, ಎರಡು ತಟ್ಟೆ ಇಡೋಣ ಅಂತ ಎಂದ. ಹೆಂಡತಿಯ ಮುಖ ನೋಡಲಿಲ್ಲ.

ಲಿಂಗದಹಳ್ಳಿಯಿಂದ ತರೀಕೆರೆಗೆ ಬರುವ ಬಸ್ಸಿನಲ್ಲಿ ದುರ್ಗಮ್ಮ, ಮಂಜಪ್ಪ ಹತ್ತಿದರು. ದುರ್ಗಮ್ಮನ ತೊಡೆಯ ಮೇಲೆ ಬಿಳಿ ಬಟ್ಟೆ ಕಟ್ಟಿದ ಸ್ಟೀಲ್ ಡಬ್ಬಿ. ಅನುಪಮಾ ಟಿಕೆಟ್ ಹರಿದು ಕೊಟ್ಟಳು.

"ಮೂರು ಸಲ ಮಾಡಿದೆ ಅಕ್ಕಾ, ಮೂರನೇದು ಸರಿಯಾಗಿ ಬಂತು. ಆರಿದ್ರೆ ಗಟ್ಟಿಯಾಗ್ಬಿಡುತ್ತಾ?"

"ಏನಾಗಲ್ಲ" ಎಂದು ಹೇಳಿ ಅನುಪಮಾ ಮುಂದಿನ ಸೀಟಿಗೆ ಹೋದಳು. ಎರಡನೇ ತಟ್ಟೆಯ ವಿಷಯ ಹೇಳಲು ಮುಕ್ಕಾಲು ಗಂಟೆ ಸಮಯವಿತ್ತು. ಹೇಳಲಿಲ್ಲ.

ಚರ್ಚಿನಲ್ಲಿ ಭೋಜನದ ಹೊತ್ತಿಗೆ ಜನ ಎದ್ದು ಬಂದು ಮುಂದಿನ ಕಟಕಟೆಯ ಬಳಿ ಎಂಟೆಂಟು ಮಂದಿ ಮಂಡಿಯೂರುತ್ತಾರೆ. ಅಷ್ಟೂ ಜನ ತಿಂದಾದ ಮೇಲೆ ಸಭಾಪಾಲಕರು ಆಶೀರ್ವದಿಸುತ್ತಾರೆ. ಆ ಸಾಲು ಎದ್ದರೆ ಮುಂದಿನ ಸಾಲು. ಅವತ್ತು ಧನಪಾಲ್ ಬಲಗಡೆಗೆ ತಾಯಿಯ ರೊಟ್ಟಿಯ ತಟ್ಟೆ, ಎಡಗಡೆಗೆ ದುರ್ಗಮ್ಮನ ರೊಟ್ಟಿಯ ತಟ್ಟೆ ಇಟ್ಟಿದ್ದ. ಜನ ಹೆಚ್ಚಿದ್ದಾರೆ, ಬಲಗಡೆ ನಾನೇ ಕೊಡುತ್ತೇನೆ ಎಂದು ಅಯ್ಯನವರಿಗೆ ಹೇಳಿದ್ದ. ಯಾವುದು ಯಾರ ಮನೆಯದ್ದು ಎಂದು ಅವನು ಬಾಯಿ ಬಿಟ್ಟು ಹೇಳಿದ್ದು ಒಬ್ಬರಿಗೆ ಮಾತ್ರ. ಅಷ್ಟು ಸಾಕಾಗಿತ್ತು.

ಇಷ್ಟು ವರ್ಷ ಎಡಗಡೆ ಮಂಡಿಯೂರಿದವರೆಲ್ಲ ಬಲಗಡೆಗೆ ಹೋದರು. ಬಲಗಡೆ ಬಾಗಿಲ ತನಕ ಸಾಲು ನಿಂತಿತು. ಎಡಗಡೆ ಬಂದದ್ದು ಹನ್ನೊಂದು ಜನ. ಮಂಜಪ್ಪ, ದುರ್ಗಮ್ಮ, ಕೇರಿಯ ಇನ್ನೆರಡು ಮನೆಯವರು, ಮತ್ತು ಭೂಮಿಕಾ. ದುರ್ಗಮ್ಮ ಮಂಡಿಯೂರಿದಲ್ಲೇ ಒಮ್ಮೆ ಬಲಕ್ಕೆ ನೋಡಿದರು. ಆಮೇಲೆ ತಲೆ ಎತ್ತಲಿಲ್ಲ.

ಭೋಜನಕ್ಕೆಂದು ಪ್ರಾರ್ಥಿಸಿದ ರೊಟ್ಟಿಯನ್ನು ಎಸೆಯುವಂತಿಲ್ಲ, ಉಳಿದದ್ದನ್ನು ಸಭಾಪಾಲಕರು ಅಲ್ಲೇ ತಿಂದು ಮುಗಿಸಬೇಕು. ಅಯ್ಯನವರು ಎರಡೂ ತಟ್ಟೆ ನೋಡಿದರು. ಬಲಗಡೆಯದರಲ್ಲಿ ಚೂರು ಉಳಿದಿರಲಿಲ್ಲ. ಎಡಗಡೆಯದು ಮುಕ್ಕಾಲು ಹಾಗೇ ಇತ್ತು. ಅವರು ಸಭೆಯ ಕಡೆ ಮುಖ ಮಾಡಿ ನಿಂತು ತಿನ್ನತೊಡಗಿದರು. ಹಾಡು ಮುಗಿಯಿತು. ಅವರು ತಿನ್ನುತ್ತಲೇ ಇದ್ದರು. ಯಾರೋ ಕೆಮ್ಮಿದರು. ಒಣ ರೊಟ್ಟಿ ಗಂಟಲಲ್ಲಿ ಸಿಕ್ಕಿ ಅವರು ನೀರು ಕುಡಿದರು, ಮತ್ತೆ ತಿಂದರು. ಭೂಮಿಕಾ ಎದ್ದು ಹೋಗಿ ಪಕ್ಕದಲ್ಲಿ ನಿಂತು ಕೈ ಚಾಚಿದಳು. ಅವರು ಅವಳಿಗೂ ಮುರಿದು ಕೊಟ್ಟರು. ಇಬ್ಬರೂ ಹತ್ತು ನಿಮಿಷ ತಿಂದರು. ಬೆಂಚಿನಿಂದ ಬೇರೆ ಯಾರೂ ಏಳಲಿಲ್ಲ.

ತಿಂದು ಮುಗಿಸಿದ ಮೇಲೆ ಅಯ್ಯನವರು ಹೇಳಿದ್ದು ಎರಡೇ ಮಾತು. ಮಾರ್ಚಿಗೂ ರೊಟ್ಟಿ ದುರ್ಗಮ್ಮನವರದ್ದು. ತಟ್ಟೆ ಒಂದೇ.

ಅವತ್ತು ಮಧ್ಯಾಹ್ನ ಭೂಮಿಕಾ ಊಟಕ್ಕೆ ಕೂರಲಿಲ್ಲ. ಹೊಟ್ಟೆ ತುಂಬಿದೆ ಅಂದಳು. ರಾತ್ರಿಯೂ ಕೂರಲಿಲ್ಲ. ಸೋಮವಾರ ಬೆಳಿಗ್ಗೆ ತೀರ್ಥಮ್ಮ ಚಿತ್ರಾನ್ನದ ತಟ್ಟೆ ಹಿಡಿದು ಬಂದಾಗ ಕೈ ಅಡ್ಡ ಹಿಡಿದಳು.

"ಅಜ್ಜಿ, ಇವತ್ತಿಂದ ನೀನು ಮಾಡಿದ್ದು ನಾನು ತಿನ್ನಲ್ಲ."

"ಯಾಕೇ? ನನ್ನ ಕೈಗೆ ಏನಾಗಿದೆ?"

"ಏನೂ ಆಗಿಲ್ಲ. ದುರ್ಗಮ್ಮನ ಕೈಗೂ ಏನೂ ಆಗಿಲ್ಲ."

ಜಗಳ ಅಲ್ಲಿಗೆ ಮುಗಿಯಿತು, ಏಕೆಂದರೆ ಭೂಮಿಕಾ ಮತ್ತೆ ಆ ಮಾತೆತ್ತಲೇ ಇಲ್ಲ. ಪಡಸಾಲೆಯ ಮೂಲೆಯಲ್ಲಿ ಕರೆಂಟ್ ಒಲೆ ಇಟ್ಟುಕೊಂಡು ತನ್ನ ಅನ್ನ, ತನ್ನ ತಿಳಿಸಾರು ಮಾಡಿಕೊಂಡಳು. ಅಜ್ಜಿಗೆ ಮಾತ್ರೆ ಕೊಟ್ಟಳು, ಮಣಿಕಟ್ಟಿಗೆ ಎಣ್ಣೆ ಹಚ್ಚಿದಳು, ಜೊತೆಯಲ್ಲಿ ಟೀವಿ ನೋಡಿದಳು. ಊಟದ ಹೊತ್ತಿಗೆ ಎದ್ದು ಮೂಲೆಗೆ ಹೋದಳು. ಧನಪಾಲ್ ತಾಯಿಯ ಸಾರಿನಲ್ಲೂ ಮಗಳ ಸಾರಿನಲ್ಲೂ ಊಟ ಮಾಡಿ ಇಬ್ಬರಿಗೂ ಚೆನ್ನಾಗಿದೆ ಎಂದ.

"ಎರಡು ತಟ್ಟೆ ಇಡೋದು ನಿಮಗೆ ಅಭ್ಯಾಸ ಆಗೋಯ್ತು" ಎಂದಳು ಅನುಪಮಾ.

"ನಾನೇನ್ ಮಾಡ್ಲಿ ಹೇಳು? ಆ ಕಡೆ ಅಮ್ಮ, ಈ ಕಡೆ ಸಭೆ."

"ದುರ್ಗಮ್ಮ ಯಾವ ಕಡೆ?"

ಅವನು ಕೈ ತೊಳೆಯಲು ಎದ್ದ. ಹಾಗೆ ಕೇಳಿದ ಅನುಪಮಾಳಿಗೂ ತಾನು ಬಸ್ಸಿನಲ್ಲಿ ಸುಮ್ಮನಿದ್ದದ್ದು ನೆನಪಿತ್ತು. ಅದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಎರಡು ಭಾನುವಾರ ದುರ್ಗಮ್ಮ ಚರ್ಚಿಗೆ ಬರಲಿಲ್ಲ. ಅಯ್ಯನವರು ಹಳ್ಳಿಗೆ ಹೋಗಿ ಮಾತಾಡಿಸಿದರು. ಸಭೆ ಬಿಡಲ್ಲ, ಆದರೆ ರೊಟ್ಟಿ ಮಾತ್ರ ಮಾಡಲ್ಲ ಎಂದು ಅವರು ಹೇಳಿದರಂತೆ. ರೊಟ್ಟಿ ಇಲ್ಲದಿದ್ದರೆ ಮಾರ್ಚಿನಲ್ಲಿ ಭೋಜನವೂ ಇಲ್ಲ ಎಂದು ಅಯ್ಯನವರು ಬುಧವಾರದ ಕೂಟದಲ್ಲಿ ತಿಳಿಸಿದರು. ಕೂಟಕ್ಕೆ ಆ ವಾರ ಒಂಬತ್ತು ಜನ ಬಂದಿದ್ದರು. ಅಂದು ಫೋನ್ ಮಾಡಿದ್ದ ಮೂರು ಮನೆಯವರು ಧನಪಾಲನ ಅಂಗಡಿಗೇ ಬಂದು, ಈ ಸಭಾಪಾಲಕರನ್ನು ಬೇರೆ ಕಡೆಗೆ ಕಳಿಸಲು ಅರ್ಜಿ ಬರೆಯೋಣ, ಮೊದಲ ಸಹಿ ನಿಮ್ಮ ತಾಯಿಯದ್ದಿರಲಿ ಎಂದರು. ಅವನು ಅರ್ಜಿಯನ್ನು ತಂದು ತಾಯಿಯ ಮುಂದಿಟ್ಟ. ತೀರ್ಥಮ್ಮ ಓದಿ ಮಡಚಿ ಬೈಬಲ್ಲಿನ ಕೆಳಗಿಟ್ಟರು. ಸಹಿ ಹಾಕಲಿಲ್ಲ.

ಅವರೆಕಾಯಿಯ ಕಾಲ ಮುಗಿಯುತ್ತಾ ಬಂದಿತ್ತು. ಹಿತಕಿದ ಬೇಳೆ ಸಾರು ಅಂದರೆ ಭೂಮಿಕಾ ಚಿಕ್ಕಂದಿನಿಂದ ಎರಡು ಮುದ್ದೆ ಜಾಸ್ತಿ ಉಣ್ಣುವವಳು. ತೀರ್ಥಮ್ಮ ಸಂತೆಯಿಂದ ಎರಡು ಕೆಜಿ ಕಾಯಿ ತರಿಸಿ, ಬಿಡಿಸಿ, ಕಾಳು ನೆನೆಹಾಕಿ, ಮುರಿದ ಕೈಯಲ್ಲೇ ಒಂದೊಂದಾಗಿ ಹಿತಕಿದರು. ಮಧ್ಯಾಹ್ನವೆಲ್ಲ ಬೇಕಾಯಿತು. ಸಂಜೆ ಮೊಮ್ಮಗಳು ಕಾಲೇಜಿನಿಂದ ಬಂದಾಗ ಮನೆಯೆಲ್ಲ ಸಾರಿನ ಘಮ. ಭೂಮಿಕಾ ಬಾಗಿಲಲ್ಲೇ ಒಂದು ಗಳಿಗೆ ನಿಂತಳು. ಆಮೇಲೆ ಕೈಕಾಲು ತೊಳೆದು ಬಂದು ತನ್ನ ಒಲೆಯ ಮೇಲೆ ಅನ್ನಕ್ಕಿಟ್ಟಳು.

"ಒಂದೇ ಒಂದು ಸೌಟು ಕಣೇ."

"ಬೇಡ ಅಜ್ಜಿ."

"ಇಷ್ಟು ಹೊತ್ತು ಕೂತು ಮಾಡಿದೀನಿ."

"ದುರ್ಗಮ್ಮ ಮೂರು ಸಲ ಮಾಡಿದ್ರಂತೆ." ಇದನ್ನು ಹೇಳಿದ್ದು ಭೂಮಿಕಾ ಅಲ್ಲ, ಅನುಪಮಾ. ಬ್ಯಾಗು ಇಳಿಸಿ, ಯೂನಿಫಾರ್ಮಿನಲ್ಲೇ ಬಾಗಿಲ ಹತ್ತಿರ ನಿಂತಿದ್ದಳು. "ಬಸ್ಸಲ್ಲಿ ನನಗೆ ಹೇಳಿದ್ರು. ಗಟ್ಟಿಯಾಗ್ಬಿಡುತ್ತಾ ಅಕ್ಕಾ ಅಂತ ಕೇಳಿದ್ರು. ನೀವು ಇಲ್ಲಿ ಇನ್ನೊಂದು ಮಾಡ್ತಿರೋದು ನನಗೆ ಗೊತ್ತಿತ್ತು ಅತ್ತೆ. ನಾನು ಬಾಯಿ ಬಿಡಲಿಲ್ಲ."

ತೀರ್ಥಮ್ಮ ಸೌಟನ್ನು ಪಾತ್ರೆಗೆ ಬಿಟ್ಟು ಮುಚ್ಚಳ ಮುಚ್ಚಿದರು. ಸಾರು ಮಾರನೇ ದಿನದ ಸಂಜೆಗೆ ಹಳಸಿತು. ಅವರೇ ಪಾತ್ರೆಯನ್ನು ಹಿತ್ತಿಲಿಗೆ ಒಯ್ದು ತೆಂಗಿನ ಬುಡಕ್ಕೆ ಸುರಿದು ಬಂದು, ನಾಳೆ ನಿನ್ನ ಡ್ಯೂಟಿ ಯಾವ ಕಡೆ ಎಂದು ಸೊಸೆಯನ್ನು ಕೇಳಿದರು. ಲಿಂಗದಹಳ್ಳಿ ಎಂದಳು ಅನುಪಮಾ.

ಮಾರನೇ ದಿನ ತೀರ್ಥಮ್ಮ ಸೊಸೆಯ ಬಸ್ಸಿನಲ್ಲೇ ಹೋಗಿ ಇಳಿದರು. ದುರ್ಗಮ್ಮನ ಮನೆ ಸ್ಟಾಪಿನಿಂದ ಕಾಲು ಮೈಲಿ. ಎರಡು ಕೋಣೆ, ಮುಂದೆ ಮಂಜಪ್ಪನೇ ಹಾಕಿದ ಸಿಮೆಂಟಿನ ಜಗಲಿ. ದುರ್ಗಮ್ಮ ಆಗತಾನೇ ಶಾಲೆಯಿಂದ ಬಂದಿದ್ದರು. ಕೂತ್ಕೊಳ್ಳಿ ಅಮ್ಮೋರೇ ಎಂದು ಚಾಪೆ ಹಾಸಿದರು. ಬಿಸಿಲು ಜೋರಾಗಿತ್ತು. ತೀರ್ಥಮ್ಮ ನೀರು ಕೇಳಿದರು, ಕೊಟ್ಟರು, ಕುಡಿದರು.

ಬರುವ ಭಾನುವಾರ ರೊಟ್ಟಿ ಮಾಡಬೇಕಲ್ಲ ಎಂದು ತೀರ್ಥಮ್ಮ ಮಾತು ತೆಗೆದರು. ಜನ ಏನೋ ತಿಳಿಯದೆ ಹಾಗೆ ಮಾಡಿದರು ಎಂದರು.

"ಜನ ಅಲ್ಲ ಅಮ್ಮೋರೇ. ಆ ಕಡೆ ತಟ್ಟೇಲಿದ್ದದ್ದು ನಿಮ್ಮ ರೊಟ್ಟಿ."

ತೀರ್ಥಮ್ಮ ಲೋಟವನ್ನು ಚಾಪೆಯ ಮೇಲಿಟ್ಟರು. "ಹೌದು. ನನ್ನದೇ."

"ಇಸ್ಕೂಲಲ್ಲಿ ಬೇಡ ಅಂದ್ರು, ಸರಿ, ಎಲ್ಲಾ ಒಂದೇ ಅಂತ ಅವರಿಗೆ ಯಾವ ಪುಸ್ತಕಾನೂ ಹೇಳಿಲ್ಲ ಅಂದ್ಕೊಂಡೆ. ನಿಮ್ಮ ಕೈ ರೊಟ್ಟೀನ ನಾನು ಆರು ವರ್ಷ ತಿಂದಿದೀನಿ. ಒಂದಿನಾನೂ ಇದು ಯಾರ ಮನೇದು ಅಂತ ಕೇಳಲಿಲ್ಲ."

"ತಪ್ಪಾಯ್ತು ದುರ್ಗಮ್ಮ."

"ಆಯ್ತು ಬಿಡಿ" ಎಂದರು ದುರ್ಗಮ್ಮ. ಖಾಲಿ ಲೋಟ ಎತ್ತಿಕೊಂಡರು. "ಮಾಡ್ತೀನಿ. ಆದ್ರೆ ಇಲ್ಲಿ ಮಾಡಿ ಡಬ್ಬೀಲಿ ತರಲ್ಲ. ಶನಿವಾರ ಬತ್ತೀನಿ, ನಿಮ್ಮ ಅಡುಗೆಮನೇಲಿ ಮಾಡ್ತೀನಿ. ನೀವು ಪಕ್ಕದಲ್ಲಿ ನಿಂತು ಹೇಳ್ಕೊಡಿ. ಹೋದ್ಸಲ ಬಾಯಲ್ಲಿ ಹೇಳಿದ್ರಿ, ನನಗೆ ಸರಿಯಾಗಿ ತಿಳೀಲಿಲ್ಲ."

ಬಸ್ಸಿನಲ್ಲಿ ಮರಳುವಾಗ ಏನಾಯಿತು ಎಂದು ಅನುಪಮಾ ಕೇಳಿದಳು. ಶನಿವಾರ ಬರ್ತಾಳೆ ಎಂದರು ತೀರ್ಥಮ್ಮ. ಸ್ವಲ್ಪ ದೂರ ಹೋದ ಮೇಲೆ, ಬರ್ತಾರೆ ಅಂದರು.

ಶನಿವಾರ ಮಧ್ಯಾಹ್ನ ದುರ್ಗಮ್ಮ ಬಂದರು. ಚಪ್ಪಲಿ ಬಿಟ್ಟು ಪಡಸಾಲೆ ದಾಟಿ ನೇರ ಅಡುಗೆಮನೆಗೆ ನಡೆದರು. ಹಿಟ್ಟಿನ ಡಬ್ಬಿ ಯಾವುದು ಎಂದು ಕೇಳಿದರು. ಧನಪಾಲ್ ಅಂಗಡಿಗೆ ಹೋಗದೆ ಮನೆಯಲ್ಲೇ ಉಳಿದಿದ್ದ. ಅವನ ಫೋನು ಎರಡು ಸಲ ಬಡಿದುಕೊಂಡಿತು. ಮೂರನೇ ಸಲ ಎತ್ತಿ, ಹೌದು, ನಮ್ಮನೇಲೇ ಮಾಡ್ತಿದಾರೆ ಎಂದಷ್ಟೇ ಹೇಳಿ ಇಟ್ಟ. ಮೊದಲ ರೊಟ್ಟಿ ಬೆಂದಾಗ ದುರ್ಗಮ್ಮ ಮೂಲೆಯಿಂದ ಒಂದು ಚೂರು ಮುರಿದು ತೀರ್ಥಮ್ಮನ ಮುಂದೆ ಹಿಡಿದರು. ಅವರು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಒಳಗೆ ಹಸಿ ಇದೆ. ಇನ್ನೊಂಚೂರು ಬೇಯಬೇಕು."

ದುರ್ಗಮ್ಮ ರೊಟ್ಟಿಯನ್ನು ತಿರುಗಿಸಿ ಹಾಕಿದರು.

ರಾತ್ರಿ ಊಟಕ್ಕೆ ತೀರ್ಥಮ್ಮ ತಟ್ಟೆ ಇಟ್ಟು ಮೊಮ್ಮಗಳ ಕಡೆ ನೋಡಿದರು. ಭೂಮಿಕಾ ತನ್ನ ಅನ್ನದ ಪಾತ್ರೆ ಇಳಿಸುತ್ತಿದ್ದಳು. "ಅಡುಗೆಮನೇಲಿ ತಿಂದಿದೀಯ ಅಜ್ಜಿ" ಅಂದಳು. "ಅಲ್ಲಿ ನೋಡೋಕೆ ಯಾರೂ ಇರಲಿಲ್ಲ."

ಭಾನುವಾರ ಬೆಂಚುಗಳು ಅರ್ಧ ಖಾಲಿ. ಅನುಪಮಾಳಿಗೆ ಡ್ಯೂಟಿ, ಕೇರಿಯ ಇನ್ನೆರಡು ಮನೆಯವರು ಹೋದ ಸಲದ ಅವಮಾನದಿಂದ ಬಂದಿರಲಿಲ್ಲ. ಅರ್ಜಿಯ ಮೂರು ಮನೆಯವರು ಬಂದಿದ್ದರು, ಆದರೆ ಹಿಂದಿನ ಬಾಗಿಲ ಹತ್ತಿರ ಕೂತಿದ್ದರು. ಮೇಜಿನ ಮೇಲೆ ಒಂದೇ ತಟ್ಟೆ. ಅಯ್ಯನವರು ರೊಟ್ಟಿ ಮುರಿದು, ಬನ್ನಿ ಎಂದು ಕರೆದರು. ಆ ಚರ್ಚಿನಲ್ಲಿ ಮೊದಲ ಸಾಲು ಯಾವತ್ತೂ ಗಂಡಸರದ್ದು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದರು.

ತೀರ್ಥಮ್ಮ ಎದ್ದರು. ಬೆಂಚುಗಳನ್ನು ಹಿಡಿದುಕೊಂಡು ನಡುವಿನ ದಾರಿಯಲ್ಲಿ ಮುಂದೆ ಹೋಗಿ, ಕಟಕಟೆಯ ನಟ್ಟ ನಡುವೆ ಕಷ್ಟಪಟ್ಟು ಮಂಡಿಯೂರಿ ಎರಡೂ ಅಂಗೈ ಚಾಚಿದರು. ಅಯ್ಯನವರು ರೊಟ್ಟಿ ಇಟ್ಟರು. ತಿಂದರು. ಅಯ್ಯನವರು ಸಾಲಿನ ಆಚೀಚೆ ನೋಡಿ, ಒಬ್ಬರೇ ಇದ್ದದ್ದರಿಂದ ಆಶೀರ್ವಾದಕ್ಕೆ ಕೈ ಎತ್ತಿದರು.

"ಬೇಡ ಅಯ್ಯನೋರೇ" ಎಂದರು ತೀರ್ಥಮ್ಮ. ದನಿ ಹಿಂದಿನ ಬಾಗಿಲ ತನಕ ಕೇಳಿಸಿತು. "ಸಾಲು ತುಂಬಿಲ್ಲ. ತುಂಬೋ ತನಕ ನಾನು ಏಳಲ್ಲ."

ದುರ್ಗಮ್ಮ ಬಂದು ಅವರ ಎಡಕ್ಕೆ ಮಂಡಿಯೂರಿದರು. ಧನಪಾಲ್ ಕಾರ್ಯದರ್ಶಿಯ ಕುರ್ಚಿ ಬಿಟ್ಟು ಬಂದು ಬಲಕ್ಕೆ ಮಂಡಿಯೂರಿದ. ಮಂಜಪ್ಪ ಬಂದರು. ಭೂಮಿಕಾ ಬಂದು, ಅಪ್ಪನನ್ನು ಒಂಚೂರು ಸರಿಸಿ, ಅಜ್ಜಿಯ ತೋಳಿನ ಕೆಳಗೆ ತನ್ನ ಭುಜ ಕೊಟ್ಟಳು.

ಎಂಟು ಜನರ ಸಾಲಿನಲ್ಲಿ ಇನ್ನೂ ಮೂರು ಜಾಗ ಖಾಲಿ ಇದ್ದವು. ಅಯ್ಯನವರು ತಟ್ಟೆ ಹಿಡಿದು ಕಾಯುತ್ತಾ ನಿಂತರು. ಹಿಂದೆ, ಬಾಗಿಲ ಹತ್ತಿರದ ಬೆಂಚಿನಿಂದ, ಯಾರೋ ಎದ್ದ ಸದ್ದಾಯಿತು. ಹೊರಗೆ ಹೋಗಲು ಎದ್ದರೋ, ಮುಂದೆ ಬರಲು ಎದ್ದರೋ ಎಂದು ತೀರ್ಥಮ್ಮ ತಿರುಗಿ ನೋಡಲಿಲ್ಲ. ಮಂಡಿಯೂರಿದಲ್ಲೇ ದುರ್ಗಮ್ಮನ ಕಡೆಗೆ ಒತ್ತಿ ಕೂತು, ಬರುವವರಿಗೆ ಜಾಗ ಮಾಡಿದರು.